ವಯಸ್ಸನ್ನು ತಪ್ಪಾಗಿ ನಮೂದಿಸಿ ಎಳೆಗರುಗಳನ್ನು ಮಾರಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಕರು ಮಾರಾಟ ವಿಭಾಗ

ಮಾನ್ಯರೇ,

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನಲ್ಲಿ ಸಣ್ಣದೊಂದು ಕೊಟ್ಟಿಗೆ ಇಟ್ಟುಕೊಂಡು, ಊರಿನ ಡೇರಿಗೆ ಹಾಲು ಹಾಕಿ ಜೀವನ ನಡೆಸುತ್ತಿರುವ ನಾನು, ಬಾಟಲಿ ಹಾಲು ಕುಡಿಸಿ ಸಾಕಿ ಮುಂದೆ ಕರಾವಿಗೆ ಉಳಿಸಿಕೊಳ್ಳುವ ಉದ್ದೇಶದಿಂದ ಕಳೆದ ತಿಂಗಳು ತಮ್ಮ ಸಂಸ್ಥೆಯಿಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಎರಡು ಹೆಣ್ಣುಗರುಗಳನ್ನು ಖರೀದಿಸಿದ್ದೆ. ಕರುಗಳಿಗೆ ಹದಿನೈದು ದಿನ ತುಂಬಿದೆ, ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸಲಾಗಿದೆ ಎಂದು ತಮ್ಮ ರಸೀದಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಈ ಎರಡು ಮಾತುಗಳನ್ನೂ ನಂಬುವಂತಿರಲಿಲ್ಲ.

ಗಾಡಿಯಿಂದ ಇಳಿಸಿದಾಗಲೇ ಕರುಗಳ ಹೊಕ್ಕುಳಬಳ್ಳಿ ಹಸಿಯಾಗಿತ್ತು. ಒಂದರ ಬಳ್ಳಿಯ ತುದಿಗೆ ಒದ್ದೆ ಹುಲ್ಲು ಅಂಟಿಕೊಂಡಿತ್ತು, ಗೊರಸಿನ ತುದಿ ಇನ್ನೂ ಮೆತ್ತಗಿತ್ತು. ಹದಿನೈದು ದಿನದ ಕರುವಿನಲ್ಲಿ ಇವೆರಡೂ ಇರುವುದಿಲ್ಲ. ಮರುದಿನ ಪರೀಕ್ಷಿಸಿದ ಪಶುವೈದ್ಯರು, ಇವು ಹುಟ್ಟಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚಾಗಿಲ್ಲ ಎಂದು ಲಿಖಿತವಾಗಿ ತಿಳಿಸಿದ್ದಾರೆ. ಆ ಚೀಟಿಯ ಪ್ರತಿಯನ್ನು ಇದರೊಂದಿಗೆ ಇರಿಸಿದ್ದೇನೆ.

ಆ ವಾರದಲ್ಲೇ ಎರಡೂ ಕರುಗಳಿಗೆ ಭೇದಿ ಹತ್ತಿತು. ಚಿಕ್ಕ ಕರುವಿನ ಕಣ್ಣು ಗುಳಿಬಿದ್ದು, ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಆ ಮಡಿಕೆ ಹಾಗೆಯೇ ನಿಲ್ಲುವಷ್ಟು ಮೈಯ ನೀರು ಬತ್ತಿತ್ತು. ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ಇನ್ನೊಂದು ಬದುಕಿದೆ, ಆದರೆ ಅದರ ಹೊಕ್ಕುಳ ಬಾತು ಕೀವಾಗಿದ್ದು, ಸೋಂಕು ಕೀಲುಗಳಿಗೆ ಇಳಿಯದಿರಲೆಂದು ಇಂದಿಗೂ ಚಿಕಿತ್ಸೆ ನಡೆಯುತ್ತಿದೆ.

ಈ ಬಗ್ಗೆ ಫೋನ್ ಮಾಡಿದಾಗ ತಮ್ಮ ಸಿಬ್ಬಂದಿ, ನಾನು ತಣ್ಣನೆಯ ಹಾಲು ಕುಡಿಸಿದ್ದೇ ಕಾರಣವೆಂದು ಹೇಳಿ ಮಾತು ಮುಗಿಸಿದರು. ಈ ಆರೋಪವನ್ನು ನಾನು ಒಪ್ಪುವುದಿಲ್ಲ. ಪ್ರತಿ ಸಲವೂ ಹಾಲನ್ನು ಕರುವಿನ ಮೈಶಾಖಕ್ಕೆ, ಅಂದರೆ ಸುಮಾರು 39 ಡಿಗ್ರಿಗೆ ಬೆಚ್ಚಗಾಗಿಸಿ, ಕರು ನಿಂತು ಕತ್ತು ಚಾಚಿ ಚೀಪುವಂತೆ ಬಾಟಲಿಯನ್ನು ಹಿಡಿದು ಕುಡಿಸಿದ್ದೇನೆ. ನಿಪ್ಪಲ್ಲನ್ನು ಬಿಸಿನೀರಿನಲ್ಲಿ ತೊಳೆಯದೆ ಮತ್ತೆ ಬಳಸಿದ್ದಿಲ್ಲ. ಕರು ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟುತ್ತದೆ, ಅದನ್ನು ಗಿಣ್ಣಿನಿಂದಲೇ ಪಡೆಯಬೇಕು, ಹುಟ್ಟಿದ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಅದರ ಕರುಳು ಗಿಣ್ಣಿನಲ್ಲಿರುವ, ರೋಗ ತಡೆಯುವ ಪ್ರತಿಕಾಯಗಳನ್ನು ಹೀರಿಕೊಳ್ಳುವುದಿಲ್ಲ ಎಂಬುದು ಕರು ಮಾರುವ ಸಂಸ್ಥೆಗೆ ತಿಳಿಯದ ವಿಷಯವಲ್ಲ. ಮೂವತ್ತು ಕಿಲೋ ತೂಕದ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲಿ ಸುಮಾರು ಮೂರು ಲೀಟರ್ ಗಿಣ್ಣು ಸಿಗದಿದ್ದರೆ, ಕೊಂಡವನು ಆಮೇಲೆ ಎಷ್ಟೇ ಜೋಪಾನ ಮಾಡಿದರೂ ಆ ಕೊರತೆ ತುಂಬುವುದಿಲ್ಲ. ಗಿಣ್ಣು ದಕ್ಕಿದೆಯೇ ಎಂಬುದನ್ನು ಮೊದಲ ವಾರದೊಳಗೆ ರಕ್ತದ ಸೀರಮ್‌ನಲ್ಲಿರುವ ಒಟ್ಟು ಪ್ರೊಟೀನ್ ಅಳೆದು ತಿಳಿಯಬಹುದು. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ, ಎಳೆಗರುಗಳನ್ನು ದೂರದ ಊರುಗಳಿಗೆ ಗಾಡಿಯಲ್ಲಿ ಕಳುಹಿಸುವುದು ಕೊಳ್ಳುವವರಿಗೂ, ಆ ಮೂಕಪ್ರಾಣಿಗಳಿಗೂ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ಸತ್ತ ಕರುವಿನ ಪೂರ್ಣ ಬೆಲೆಯನ್ನೂ, ಎರಡೂ ಕರುಗಳ ಚಿಕಿತ್ಸೆಗೆ ತಗುಲಿದ ವೆಚ್ಚವನ್ನೂ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪಾವತಿಸಬೇಕೆಂದೂ, ಹೊಕ್ಕುಳ ಒಣಗದ ಕರುಗಳನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬಾರದೆಂದೂ ಕೋರುತ್ತೇನೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡ ವಸ್ತುವೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ರಕ್ಷಣೆಗೆ ಒಳಪಡುವುದರಿಂದ, ಉತ್ತರ ಬಾರದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಹಣದ ವಿಷಯ ತೀರ್ಮಾನವಾಗುವುದಕ್ಕೆ ಮೊದಲೇ ಆಗಬೇಕಾದ ಕೆಲಸವೊಂದಿದೆ. ಉಳಿದಿರುವ ಕರು ಯಾವ ಫಾರ್ಮಿನಲ್ಲಿ, ಯಾವ ದಿನಾಂಕದಂದು ಹುಟ್ಟಿತು, ತಾಯಿಗೆ ಯಾವ ಲಸಿಕೆಗಳನ್ನು ಹಾಕಿಸಲಾಗಿತ್ತು ಎಂಬ ವಿವರವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರು ಕೇಳುತ್ತಿದ್ದಾರೆ. ದಯವಿಟ್ಟು ಅದನ್ನು ನಾಳೆಯೇ ಕಳುಹಿಸಿಕೊಡಿ.

ಇಂತಿ,
ತಮ್ಮ ಗ್ರಾಹಕ