ಸುಕ್ರಜ್ಜಿಯ ಹಾಡಿನ ಜೊತೆ ಗದ್ದೆಯೂ ನೆನಪಿರಲಿ

ಮಾನ್ಯ ಸಂಪಾದಕರಿಗೆ,

ಅಂಕೋಲಾ ತಾಲ್ಲೂಕಿನ ಬಡಗೇರಿಯ, ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಅವರನ್ನು ನೆನೆಯುವ ಸಭೆಗಳಲ್ಲಿ ‘ಜಾನಪದ ಕೋಗಿಲೆ’ ಎಂಬ ಬಿರುದು ತಪ್ಪದೆ ಕೇಳಿಬರುತ್ತದೆ. ಪ್ರೀತಿಯಿಂದ ಕೊಟ್ಟ ಬಿರುದು, ನಿಜ. ಆದರೆ ಅವರ ಕಂಠವನ್ನಷ್ಟೇ ಹೊಗಳುವ ಭರದಲ್ಲಿ ಆ ಕಂಠವನ್ನು ಬೆಳೆಸಿದ ಗೇಯ್ಮೆಯನ್ನು ನಾವು ಮರೆಯುತ್ತಿದ್ದೇವೆ ಎಂಬ ಕೊರಗಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಗದ್ದೆಯ ನೆಟ್ಟಿಗೆ, ಅಂದರೆ ಭತ್ತದ ಸಸಿ ನೆಡುವ ಕೆಲಸಕ್ಕೆ, ಹಾಲಕ್ಕಿ ಹೆಂಗಸರು ಬರುತ್ತಿದ್ದರು. ಆಷಾಢದ ಮಳೆ ತಲೆಬೆನ್ನಿಗೆ ಹೊದ್ದ ಗೊರಬಿನ ಮೇಲೆ ಬಡಿಯುತ್ತಿದ್ದರೂ, ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದು, ಎಡಗೈಯಲ್ಲಿ ಸಸಿಯ ಸೂಡಿ ಹಿಡಿದು, ಹಿರಿಯಳೊಬ್ಬಳು ಎತ್ತಿದ ಸೊಲ್ಲನ್ನು ಉಳಿದವರು ಹಿಂದಕ್ಕೆ ಸರಿಯುತ್ತಲೇ ಮುಂದುವರಿಸುತ್ತಿದ್ದರು. ಸೊಲ್ಲು ಮುಗಿಯುವುದಕ್ಕೂ ಸಸಿ ಕೆಸರಿಗೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಸಾಲಿನಲ್ಲಿ ಯಾರಾದರೂ ಹಿಂದೆ ಬಿದ್ದರೆ ಹಾಡೇ ತುಸು ನಿಧಾನವಾಗುತ್ತಿತ್ತು, ಬೈಗುಳ ಬೇಕಾಗುತ್ತಿರಲಿಲ್ಲ.

ಸುಕ್ರಜ್ಜಿ ತಾಯಿಯ ಬಾಯಿಂದ ಹಾಡು ಕಲಿತದ್ದು ಇಂಥದೇ ದುಡಿಮೆಯ ಬದುಕಿನಲ್ಲಿ. ಎಳೆಯ ವಯಸ್ಸಿಗೇ ಮದುವೆ, ಬೇಗನೆ ಬಂದ ವೈಧವ್ಯ, ಸಾಕಿದ ಮಗನೂ ಕುಡಿತಕ್ಕೆ ಬಲಿಯಾದ ಸಂಕಟ, ಇಷ್ಟನ್ನೂ ಹೊತ್ತ ಸುಕ್ರಜ್ಜಿ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗಿಳಿದರು. ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಅದಕ್ಕೆ ಎಷ್ಟೋ ಮೊದಲೇ ಅವರು ಆ ಮಾತನ್ನು ಎತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು.

ಅದೇ ತಾಲ್ಲೂಕಿನ ಹೊನ್ನಳ್ಳಿಯ, ಅದೇ ಸಮುದಾಯದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಕೈಯ ಅನುಭವದಿಂದಲೇ ಬಲ್ಲವರಾದರು. ಅವರು ಅಗಲಿದ್ದು 2024ರ ಡಿಸೆಂಬರಿನಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಈ ಇಬ್ಬರು ಅಜ್ಜಿಯರನ್ನು ಎರಡೇ ತಿಂಗಳ ಅಂತರದಲ್ಲಿ ಕಳೆದುಕೊಂಡ ನೋವು ನಮ್ಮ ಭಾಗದವರಿಗೆ ಇನ್ನೂ ಹಸಿಯಾಗಿದೆ.

ಈಗ ಹಾಲಕ್ಕಿ ಹಾಡೆಂದರೆ ಉತ್ಸವದ ವೇದಿಕೆಯಲ್ಲಿ ಐದು ನಿಮಿಷ. ನೆಟ್ಟಿಗೆ ಯಂತ್ರ ಬಂದದ್ದಕ್ಕೆ ನನ್ನ ತಕರಾರಿಲ್ಲ, ಏಕೆಂದರೆ ದಿನವಿಡೀ ಬಗ್ಗಿದವರ ಸೊಂಟನೋವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಜಾನಪದ ಅಕಾಡೆಮಿಯೂ ಹಾಡನ್ನಷ್ಟೇ ಧ್ವನಿಮುದ್ರಿಸಿ ಸುಮ್ಮನಾಗದೆ, ಯಾವ ಕೆಲಸಕ್ಕೆ ಯಾವ ಹಾಡು, ಸೊಲ್ಲು ಎತ್ತುವವರು ಯಾರು, ಎಲ್ಲಿ ಉಸಿರು ಬಿಡುತ್ತಾರೆ ಎಂಬುದನ್ನೂ ಹಾಡುವವರ ಬಾಯಿಂದಲೇ ಕೇಳಿ ಬರೆದಿಡಬೇಕು. ಬಲ್ಲ ಹಿರಿಯರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಗೌರವಧನ ಕೊಟ್ಟು ಊರಿನ ಶಾಲೆಗಳಿಗೆ ಕರೆಸಬೇಕು. ಸಾಧ್ಯವಾದಲ್ಲಿ ಮಕ್ಕಳನ್ನೇ ಗದ್ದೆಗೆ ಕರೆದೊಯ್ಯಬೇಕು. ಬರುವ ಮಳೆಗಾಲದ ನೆಟ್ಟಿಗೆ ಮುಂಚೆಯೇ ಈ ಕೆಲಸ ಆರಂಭವಾಗಲೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಅಂಕೋಲಾ