ಟೇಬಲ್ ಮೇಲಿರುವವರ ಬಗ್ಗೆ

ಉಡುಪಿ

ಪ್ರೀತಿಯ ರಕ್ಷಾಳಿಗೆ ಮಾವನ ಆಶೀರ್ವಾದಗಳು.

ಮೆಡಿಕಲ್ ಕಾಲೇಜಿನ ಡಿಸೆಕ್ಷನ್ ಹಾಲ್‌ಗೆ, ಅಂದರೆ ಶವ ಕೊಯ್ದು ಕಲಿಯುವ ಕೋಣೆಗೆ, ಮೊದಲ ಸಲ ಹೋಗಿ ಬಂದ ದಿನ ನೀನು ಹಾಸ್ಟೆಲಿನಲ್ಲಿ ಊಟವನ್ನೇ ಮಾಡಲಿಲ್ಲವಂತೆ. ಬಂಗುಡೆ ಸಾರು ಇದ್ದರೂ ತಟ್ಟೆ ಮುಟ್ಟಲಿಲ್ಲ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಮಗಳೇ. ಶವ ಕೆಡದಂತೆ ಹಾಕುವ ಫಾರ್ಮಾಲಿನ್ ವಾಸನೆ ನಿಧಾನಕ್ಕೆ ಅಭ್ಯಾಸ ಆಗುತ್ತದೆ. ನನ್ನ ಆತಂಕ ಇರುವುದು ಆಮೇಲಿನದ್ದರ ಬಗ್ಗೆ. ವಾಸನೆಯ ಜೊತೆಗೆ, ಮಲಗಿರುವುದು ಒಬ್ಬ ಮನುಷ್ಯ ಎನ್ನುವುದೂ ಮರೆತುಹೋಗಬಾರದು ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ದೇಹವನ್ನು ಕೊಯ್ದು ನೋಡುವ ಅವಕಾಶ ಸುಮ್ನೆ ಸಿಕ್ಕಿದ್ದಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್, ಎರಾಸಿಸ್ಟ್ರಾಟಸ್ ಎಂಬ ಗ್ರೀಕ್ ವೈದ್ಯರು ಅದನ್ನು ಮಾಡಿದರು. ಆಮೇಲೆ ಅಲ್ಲಿ ನಿಂತೇ ಹೋಯಿತು. ಮುಂದೆ ಬಂದ ಗೇಲನ್ ಎಂಬ ವೈದ್ಯ ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದ. ಅವನು ಬರೆದದ್ದನ್ನು ಯುರೋಪಿನವರು ಸಾವಿರಕ್ಕೂ ಜಾಸ್ತಿ ವರ್ಷ ನಂಬಿದರು. ಕೆಳದವಡೆಯಲ್ಲಿ ಎರಡು ಮೂಳೆ ಅಂತ ಅವನು ಹೇಳಿದ್ದ. ಇಟಲಿಯ ಪಾಡುವಾದಲ್ಲಿ ಕಲಿಸುತ್ತಿದ್ದ ವೈದ್ಯ ವೆಸಾಲಿಯಸ್ ತಾನೇ ಕೈಯಾರೆ ಕೊಯ್ದು ನೋಡಿ, ಇರುವುದು ಒಂದೇ ಎಂದು 1543ರ ತನ್ನ ಪುಸ್ತಕದಲ್ಲಿ ತೋರಿಸಿದ. ಆಗ ಅವನಿಗೆ 28 ವರ್ಷ.

ನಮ್ಮ ಸುಶ್ರುತ ಸಂಹಿತೆಯ ವಿಧಾನ ವೆಸಾಲಿಯಸ್‌ಗಿಂತ ಬಹಳ ಹಳೆಯದು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಲ್ಲಿ ಏಳು ರಾತ್ರಿ ಬಿಡಬೇಕು. ಆಮೇಲೆ ಲಾವಂಚ, ಬಿದಿರು ಇಂಥದ್ದರ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಒಂದೊಂದೇ ಪದರ ನೋಡಬೇಕು. ಕಣ್ಣಿಂದ ಕಂಡದ್ದು, ಶಾಸ್ತ್ರದಲ್ಲಿ ಓದಿದ್ದು ಎರಡೂ ಸೇರಿದರೇ ತಿಳಿವಳಿಕೆ ಬೆಳೆಯುತ್ತದೆ ಎಂದು ಅದೇ ಹೇಳುತ್ತದೆ. ಹಾಗಾಗಿ ಪುಸ್ತಕದ ಬಣ್ಣದ ಚಿತ್ರ ನೋಡಿ ತೃಪ್ತಿಪಡಬೇಡ. ನಿನ್ನ ಬೆರಳಿಗೆ ನರ ಸಿಗುವವರೆಗೆ ಹುಡುಕು.

ಆದರೆ ಈ ದೇಹಗಳು ಎಲ್ಲಿಂದ ಬಂದವು? ನನ್ನನ್ನು ಹೆಚ್ಚು ಕಾಡುವುದು ಇದೇ. 1752ರಿಂದ ಇಂಗ್ಲೆಂಡಿನಲ್ಲಿ ಕೊಲೆಗಾರರನ್ನು ಗಲ್ಲಿಗೇರಿಸಿ, ಶಿಕ್ಷೆಯ ಭಾಗವಾಗಿಯೇ ಶವವನ್ನು ಸರ್ಜನ್‌ಗಳಿಗೆ ಕೊಡುತ್ತಿದ್ದರು. ಅದು ಸಾಲಲಿಲ್ಲ. ಗೋರಿ ಅಗೆದು ಹೆಣ ಕದಿಯುವವರು ಹುಟ್ಟಿಕೊಂಡರು. ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು, ಅನಾಟಮಿ, ಅಂದರೆ ದೇಹರಚನೆ ಕಲಿಸುತ್ತಿದ್ದ ಡಾಕ್ಟರ್ ನಾಕ್ಸ್‌ಗೆ ಮಾರಿದರು. 1828ರಲ್ಲಿ ಸಿಕ್ಕಿಬಿದ್ದರು. ಸತ್ತವರಲ್ಲಿ ಹೆಚ್ಚಿನವರು ಕೇಳುವವರಿಲ್ಲದ ಬಡವರು. ಅಲ್ಲಿ 1832ರ ಅನಾಟಮಿ ಕಾನೂನು ಬಂದ ಮೇಲೆ ಆ ದಂಧೆ ನಿಂತಿತು, ನಿಜ. ಆದರೆ ಟೇಬಲ್ ಮೇಲೆ ಬಂದದ್ದು ಬಡವರ ಆಶ್ರಯಗಳಲ್ಲಿ ಸತ್ತ, ವಾರಸುದಾರರಿಲ್ಲದವರ ಶವಗಳು. ಬಡವರಾಗಿದ್ದೇ ತಪ್ಪು ಎಂಬಂತೆ! ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ನಮ್ಮಲ್ಲಿ 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಜಾತಿ ಮೈಲಿಗೆಯ ಕಟ್ಟು ಮುರಿದು ಶವಕ್ಕೆ ಕತ್ತಿ ಹಾಕಿದರು. ನಮ್ಮ ರಾಜ್ಯದ ಅನಾಟಮಿ ಕಾಯ್ದೆ 1957ರದ್ದು. ವಾರಸುದಾರರಿಲ್ಲದ ಶವವನ್ನು ಕಾಲೇಜಿಗೆ ಕೊಡಲು ಅದರಲ್ಲೂ ಅವಕಾಶ ಇದೆ.

ನಿನ್ನ ಮುಂದೆ ಇರುವವರು ತಾವೇ ಬರೆದುಕೊಟ್ಟು ಬಂದವರೋ, ಯಾರೂ ಹುಡುಕಿ ಬಾರದವರೋ, ನನಗೆ ಗೊತ್ತಿಲ್ಲ. ಇಬ್ಬರಿಗೂ ಗೌರವ ಒಂದೇ ಇರಲಿ. ಅವರಿಗೆ ಅಡ್ಡ ಹೆಸರು ಇಡಬೇಡ. ಮೊಬೈಲನ್ನು ಒಳಗೆ ತೆಗೆಯಬೇಡ. ಗೆಳತಿಯರು ನಕ್ಕರೂ ನೀನು ಸೇರಬೇಡ. ಕೆಲಸ ಮುಗಿದ ಮೇಲೆ ಬಟ್ಟೆ ಸರಿಯಾಗಿ ಹೊದಿಸಿಯೇ ಹೊರಗೆ ಬಾ.

ಇನ್ನೊಂದು ಕೆಲಸ ಇದೆ. ದೇಹದಾನದ ಅರ್ಜಿ ನಿಮ್ಮ ಅನಾಟಮಿ ವಿಭಾಗದಲ್ಲೇ ಸಿಗಬಹುದು, ಕೇಳಿ ನೋಡು. ಊರಿಗೆ ಬರುವಾಗ ಎರಡು ತಾ. ನಿನ್ನ ಅತ್ತೆಯೂ ಒಪ್ಪಿದ್ದಾಳೆ. ಸಹಿ ನಾವು ಹಾಕಿದರೂ, ಕೊನೆಗೆ ಕಾಲೇಜಿಗೆ ತಿಳಿಸಿ ಒಪ್ಪಿಸಬೇಕಾದವರು ಮನೆಯವರು. ಆಗ ಯಾರಾದರೂ ಬೇಡ ಅಂದರೆ, ನಮ್ಮ ಪರವಾಗಿ ನೀನು ಮಾತಾಡಬೇಕು.

ನಿನ್ನ ಮಾವ