ಎರಡು ಕವಿತೆ, ಒಂದು ‘ಬರಲಿ’

ಪ್ರೀತಿಯ ಪುಟ್ಟಿ,

ಸಾವಿನ ಕುರಿತ ಈ ಎರಡು ಕವಿತೆಗಳನ್ನು ಪ್ರಬಂಧದಲ್ಲಿ ಹೇಗೆ ಹೋಲಿಸಲಿ ಎಂದು ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿಬಿಟ್ಟೆ. ಬಸವಣ್ಣನವರದು ಧೈರ್ಯದ ವಚನ, ಬೇಂದ್ರೆಯವರದು ದುಃಖದ ಕವಿತೆ ಎಂದೆನಲ್ಲ, ಅದನ್ನು ಹಾಗೆಯೇ ಪ್ರಬಂಧದಲ್ಲಿ ಬರೆಯಬೇಡ. ಮಲಗಿದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಬೆಳಿಗ್ಗೆ ಎದ್ದು ಎರಡನ್ನೂ ಮತ್ತೆ ಓದಿದೆ.

‘ನಾಳೆ ಬಪ್ಪುದು ನಮಗಿಂದೆ ಬರಲಿ, ಇಂದು ಬಪ್ಪುದು ನಮಗೀಗಲೆ ಬರಲಿ, ಇದಕಾರಂಜುವರು, ಇದಕಾರಳುಕುವರು.’ ಹನ್ನೆರಡನೆಯ ಶತಮಾನದ ಮಾತು, ಇವತ್ತಿಗೂ ಬೆನ್ನು ನೆಟ್ಟಗಾಗಿಸುತ್ತದೆ. ಸಾವನ್ನು ನಾಳೆಯಿಂದ ಇಂದಿಗೆ, ಇಂದಿನಿಂದ ಈ ಗಳಿಗೆಗೆ ಎಳೆದು ತರುತ್ತಾರೆ. ಹುಟ್ಟಿದವನಿಗೆ ಸಾವು ತಪ್ಪದು, ಕೂಡಲಸಂಗಮದೇವ ಬರೆದದ್ದನ್ನು ತಪ್ಪಿಸಲು ಹರಿಬ್ರಹ್ಮಾದಿಗಳಿಗೂ ಆಗದು ಎಂದು ಮುಗಿಸಿಬಿಡುತ್ತಾರೆ. ಆದರೆ ‘ನಮಗೆ’ ಎಂಬ ಪದ ಎರಡು ಸಲ ಬಂದಿರುವುದನ್ನು ಗಮನಿಸಿದೆಯಾ? ಅವರು ಕರೆಯುತ್ತಿರುವುದು ತಮ್ಮ ಸಾವನ್ನು. ತನ್ನ ಪಾಲಿನದನ್ನು ‘ಬರಲಿ’ ಎನ್ನುವ ಹಕ್ಕು ಮನುಷ್ಯನಿಗಿದೆ.

‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಆ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಹೋಗುತ್ತಿರುವುದು ಕೂಸು. ತಮ್ಮ ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು ಇಲ್ಲಿ ಕೂಸಿನ ಬಗ್ಗೆ ಹೆಚ್ಚೇನೂ ಹೇಳುವುದೇ ಇಲ್ಲ. ಮಲಗಿರುವ ಕೂಸು ಮಲಗಿರಲಿ ಎಂದು ಬದಿಗಿಟ್ಟು ಹೆಂಡತಿಯ ಮುಖದತ್ತ ತಿರುಗುತ್ತಾರೆ. ಸಾವು ಅವರಿಗೆ ಕಾಣುವುದು ಅಲ್ಲಿ. ಆ ಮುಖವನ್ನು ಹಗಲು ಮುಗಿಲಿನಲ್ಲಿ ತೇಲಿಬಂದ ಹುಣ್ಣಿಮೆ ಚಂದಿರನ ಹೆಣ ಎನ್ನುತ್ತಾರೆ. ಬೆಳಗಾದ ಮೇಲೂ ಆಕಾಶದಲ್ಲಿ ಉಳಿದ ಚಂದ್ರನನ್ನು ನೀನು ನೋಡಿದ್ದೀಯಲ್ಲ, ಆಕಾರ ಅದೇ ಇರುತ್ತದೆ, ಬೆಳಕು ಮಾತ್ರ ಇರುವುದಿಲ್ಲ. ಇದಕ್ಕಿಂತ ನಿಖರವಾದ ಹೋಲಿಕೆಯನ್ನು ನಾನು ಕನ್ನಡದಲ್ಲಿ ಓದಿಲ್ಲ.

ಬಸವಣ್ಣನವರು ಯಾರು ಅಂಜುವರು ಎಂದು ಕೇಳಿದರೆ, ಆ ಮುಖದ ಮೇಲೆ ಸಾವು ಕೈ ಸವರಿದ್ದನ್ನು ಕಂಡ ಈ ಗಂಡ ‘ಬಂತೆನಗ ಇಲ್ಲದ ಭೀತಿ’ ಎಂದು ಒಪ್ಪಿಕೊಳ್ಳುತ್ತಾನೆ. ಅವನನ್ನು ಹೇಡಿ ಎನ್ನಲು ನನ್ನಿಂದ ಆಗದು. ತನ್ನನ್ನು ದೇವರೆಂದು ತಿಳಿದಿದ್ದೀಯೇನು ಎಂದು ಅವನು ಹೆಂಡತಿಯನ್ನು ಕೇಳುವ ಕಡೆ ಸ್ವಲ್ಪ ನಿಲ್ಲು. ಹರಿಬ್ರಹ್ಮರಿಗೂ ಆಗದು ಎಂದು ವಚನದಲ್ಲಿ ಗಟ್ಟಿದನಿಯಲ್ಲಿ ಬಂದದ್ದೇ ಇಲ್ಲಿ ಕೈಲಾಗದ ಗಂಡನೊಬ್ಬನ ಬಾಯಿಂದ ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಿನ್ನ ಅಜ್ಜಿ ತೀರಿಕೊಂಡ ದಿನ ಅಮ್ಮ ಅಳಲೇ ಇಲ್ಲ, ನಿನಗೆ ನೆನಪಿರಬಹುದು. ಎಲ್ಲರೂ ಹೋದ ಮೇಲೆ ಅಜ್ಜಿಯ ಕನ್ನಡಕದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಮುಚ್ಚಳ ತೆರೆಯುವಳು, ಮುಚ್ಚುವಳು. ಟಕ್, ಟಕ್. ಒಂದು ಗಾಜಿನ ಮೇಲೆ ಅಜ್ಜಿಯ ಬೆರಳಿನ ಗುರುತು ಹಾಗೇ ಇತ್ತು. ಸಮಾಧಾನ ಮಾಡಬೇಕೆಂದು ಪಕ್ಕದಲ್ಲಿ ಕುಳಿತು ಇದೇ ವಚನ ಹೇಳಿದೆ. ಹುಟ್ಟಿದವರು ಹೋಗಲೇಬೇಕಲ್ಲ ಎಂದೆ. ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದ ಎದುರು ನನ್ನ ಮಾತು ಅರ್ಧಕ್ಕೇ ನಿಂತಿತು. ವಚನದಲ್ಲಿ ತಪ್ಪಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳಬೇಕಾದದ್ದನ್ನು ನಾನು ಇನ್ನೊಬ್ಬರ ದುಃಖಕ್ಕೆ ಹೇಳಿದ್ದೆ.

ಹಾಗೆಂದು ಒಂದನ್ನು ಮೇಲಿಟ್ಟು ಇನ್ನೊಂದನ್ನು ಕೆಳಗಿಡಬೇಡ. ನನ್ನ ಸರದಿ ಬಂದಾಗ ನನಗೆ ಬಸವಣ್ಣನವರೇ ಬೇಕು.

ಇಷ್ಟು ವರ್ಷ ನನ್ನ ಕಣ್ಣು ತಪ್ಪಿಸಿಕೊಂಡಿದ್ದ ಒಂದು ಸಂಗತಿ ಬೆಳಿಗ್ಗೆ ಕಂಡಿತು. ಪ್ರಬಂಧಕ್ಕೆ ಇದೊಂದೇ ಸಾಕಾದೀತು. ‘ಬರಲಿ’ ಎಂಬ ಮಾತು ಬೇಂದ್ರೆಯವರ ಕವಿತೆಯಲ್ಲೂ ಇದೆ. ಶೀರ್ಷಿಕೆಯಿಂದ ಕೊನೆಯವರೆಗೆ ಬೇಡ, ಬೇಡ ಎನ್ನುವ ಆ ಗಂಡ ಕೊನೆಗೆ ‘ಅತ್ತಾರೆ ಅತ್ತುಬಿಡು, ಹೊನಲು ಬರಲಿ’ ಎನ್ನುತ್ತಾನೆ. ಅಲ್ಲಿ ಸಾವು ಬರಲಿ, ಇಲ್ಲಿ ಕಣ್ಣೀರು ಬರಲಿ. ಹುಸಿನಗೆಯಲ್ಲಿ ದುಃಖ ಮರೆಸಬೇಡ, ತುಟಿ ಕಚ್ಚಿ ಬಿಕ್ಕನ್ನು ಹಿಡಿಯಬೇಡ ಎಂದು ಬೇಡಿಕೊಳ್ಳುತ್ತಾನೆ. ಅವನ ಬಳಿ ಕೊಡಲು ಉಳಿದಿರುವುದು ಆ ಅನುಮತಿಯೊಂದೇ.

ಆ ರಾತ್ರಿ ನನಗೆ ಈ ಸಾಲು ನೆನಪಾಗಬೇಕಿತ್ತು. ನೆನಪಾಗಲಿಲ್ಲ. ಸುಮ್ಮನೆ ಕುಳಿತೆ, ಅಷ್ಟೆ. ಬಹಳ ಹೊತ್ತಿನ ಮೇಲೆ ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ‘ಗಾಜು ಒರೆಸಬೇಡಿ’ ಎಂದಳು. ಆಮೇಲೆ ಅತ್ತಳು.

ಬರೆದು ಮುಗಿಸಿದ ಮೇಲೆ ನನಗೊಂದು ಪ್ರತಿ ಕಳುಹಿಸು. ಅಮ್ಮನಿಗೆ ನಾನು ಓದಿ ಹೇಳುತ್ತೇನೆ.

ನಿನ್ನ,
ಅಪ್ಪ